ಕಾಣಿಕೆ ಡಬ್ಬಿಗಾಗಿ ತೆಗೆದ ಸಿನಿಮಾ: ರೀಲಿನ ಬಾಲ ಮೊದಲು ನೋಡಿ

ಪ್ರಶ್ನೆ: ನಮ್ಮೂರಿನ ಚಿತ್ರಸಮಾಜಕ್ಕೆ ಹಿರಿಯರೊಬ್ಬರ ಮನೆಯವರು ಹಳೆಯ ಪ್ರೊಜೆಕ್ಟರ್ ಜೊತೆ ನಾಲ್ಕಾರು 16 ಎಂಎಂ ರೀಲುಗಳನ್ನು ಕೊಟ್ಟಿದ್ದಾರೆ. ಒಂದು ತಗಡಿನ ಡಬ್ಬಿಯ ಮೇಲೆ ‘ದಿ ಸ್ಲಿಪರಿ ಪರ್ಲ್ಸ್’ ಎಂದು ಚೀಟಿ ಅಂಟಿಸಿದೆ. ಹುಡುಕಿದಾಗ ಇದು 1931ರ ‘ದಿ ಸ್ಟೋಲನ್ ಜೂಲ್ಸ್’ ಎಂಬ ಅಮೆರಿಕದ ಕಿರುಚಿತ್ರ, ಕ್ಷಯದ ಆಸ್ಪತ್ರೆಯೊಂದಕ್ಕೆ ಹಣ ಕೂಡಿಸಲು ಮಾಡಿದ್ದು ಎಂದು ತಿಳಿಯಿತು. ಸಿನಿಮಾ ತೋರಿಸಿ ಹಣ ಎತ್ತುವುದು ಹೇಗೆ ನಡೆಯುತ್ತಿತ್ತು? ಇಂಥವು ಬೇರೆಯೂ ಇವೆಯೇ? ಈ ರೀಲನ್ನು ಹಾಕಿ ನೋಡಬಹುದೇ? ಸಾಧ್ಯವಾದರೆ ಇದನ್ನೇ ತೋರಿಸಿ ನಮ್ಮ ತಾಲ್ಲೂಕಿನ ಟಿಬಿ ರೋಗಿಗಳಿಗೆ ಒಂದಿಷ್ಟು ಹಣ ಸೇರಿಸುವ ಆಲೋಚನೆಯಿದೆ.
(ಶಿವಮೊಗ್ಗ ಜಿಲ್ಲೆಯ ಓದುಗರು)

ಉತ್ತರ: ರೀಲನ್ನು ಇನ್ನೂ ಪ್ರೊಜೆಕ್ಟರಿಗೆ ಹಾಕಿಲ್ಲವಾದರೆ ದಯವಿಟ್ಟು ಹಾಕಬೇಡಿ. ಯಾಕೆ ಎಂಬುದಕ್ಕೆ ಆಮೇಲೆ ಬರುತ್ತೇನೆ. ಕೈಗೆ ಬಂದಿರುವುದು ಏನೆಂದು ಮೊದಲು ತಿಳಿದರೆ, ಅದರ ಯಾವ ತುಂಡನ್ನು ಹೆಚ್ಚು ಜೋಪಾನ ಮಾಡಬೇಕು ಎಂಬುದೂ ತಾನಾಗಿ ತಿಳಿಯುತ್ತದೆ.

‘ದಿ ಸ್ಟೋಲನ್ ಜೂಲ್ಸ್’ ಪ್ಯಾರಾಮೌಂಟ್ ಕಂಪನಿ 1931ರಲ್ಲಿ ಹಂಚಿದ, ಸುಮಾರು 20 ನಿಮಿಷದ, (ಚಿತ್ರಮಂದಿರದ 35 ಎಂಎಂ ಲೆಕ್ಕದಲ್ಲಿ) ಎರಡು ರೀಲಿನ ಹಾಸ್ಯಚಿತ್ರ. ನಿರ್ದೇಶಕರು ವಿಲಿಯಂ ಮೆಕ್‌ಗ್ಯಾನ್. ಬ್ರಿಟನ್ನಿನಲ್ಲಿ ಅದು ‘ದಿ ಸ್ಲಿಪರಿ ಪರ್ಲ್ಸ್’ ಎಂಬ ಹೆಸರಿನಲ್ಲಿ ತೆರೆಕಂಡಿತು. ಕಥೆ ಒಂದೇ ಎಳೆಯದು. ತಾರೆಯರ ನೃತ್ಯಕೂಟದಲ್ಲಿ ನಟಿ ನಾರ್ಮಾ ಶಿಯರರ್ ಅವರ ಒಡವೆ ಕಳುವಾಗುತ್ತದೆ, ಪತ್ತೇದಾರ ಒಬ್ಬೊಬ್ಬ ತಾರೆಯನ್ನೂ ಹುಡುಕಿಕೊಂಡು ಹೋಗಿ ವಿಚಾರಿಸುತ್ತಾನೆ. ಈ ಹಂದರಕ್ಕೆ ಒಂದು ದೊಡ್ಡ ಅನುಕೂಲವಿದೆ. ಪತ್ತೇದಾರ ನಡೆಯುತ್ತಿದ್ದರೆ ಸಾಕು, ಪ್ರತಿ ಬಾಗಿಲಲ್ಲೂ ಹೊಸ ಮುಖವೊಂದನ್ನು ನಿಲ್ಲಿಸಬಹುದು. ಯಾರದ್ದೂ ಒಂದೆರಡು ನಿಮಿಷಕ್ಕಿಂತ ಹೆಚ್ಚಿನ ಕೆಲಸವಲ್ಲ. ಎಲ್ಲರನ್ನೂ ಒಂದೇ ದಿನ ಒಂದೇ ಸೆಟ್ಟಿನಲ್ಲಿ ಸೇರಿಸುವ ತಾಪತ್ರಯವೂ ಇಲ್ಲ. ಆ ಕಾಲದ ನಟನಟಿಯರು ಸ್ಟುಡಿಯೊಗಳ ಕರಾರಿಗೆ ಕಟ್ಟುಬಿದ್ದವರು, ಒಂದು ಕಂಪನಿಯವರು ಇನ್ನೊಂದರ ಚಿತ್ರದಲ್ಲಿ ಮುಖ ತೋರಿಸುವುದೇ ಕಷ್ಟವಾಗಿತ್ತು. ಹೀಗಿರುವಾಗ ಬಸ್ಟರ್ ಕೀಟನ್, ಲಾರೆಲ್ ಮತ್ತು ಹಾರ್ಡಿ, ವಾಲೇಸ್ ಬಿಯರಿ, ಎಡ್ವರ್ಡ್ ಜಿ. ರಾಬಿನ್ಸನ್, ಜೋನ್ ಕ್ರಾಫರ್ಡ್, ಗ್ಯಾರಿ ಕೂಪರ್, ಬಾರ್ಬರಾ ಸ್ಟ್ಯಾನ್‌ವಿಕ್, ಫೇ ರೇ, ‘ಅವರ್ ಗ್ಯಾಂಗ್’ ಮಕ್ಕಳು, ಇವರೆಲ್ಲ ಒಂದೇ ಎರಡು ರೀಲಿನಲ್ಲಿ ಸಿಗುತ್ತಾರೆ ಎಂದರೆ ಅದು ಧರ್ಮಕಾರ್ಯವಾಗಿದ್ದರಿಂದ ಮಾತ್ರ.

ಹಣ ಹೋದದ್ದು ನ್ಯೂಯಾರ್ಕ್ ರಾಜ್ಯದ ಉತ್ತರಕ್ಕಿರುವ ಸರನಾಕ್ ಲೇಕ್ ಎಂಬ ಊರಿನ ಸ್ಯಾನಟೋರಿಯಂಗೆ. ಆಡಿರಾಂಡಾಕ್ ಬೆಟ್ಟಗಳ ನಡುವಿನ ಈ ಊರಿಗೆ ಕ್ಷಯದ ಊರೆಂದೇ ಹೆಸರು. ಎಡ್ವರ್ಡ್ ಲಿವಿಂಗ್‌ಸ್ಟನ್ ಟ್ರೂಡೊ ಎಂಬ ವೈದ್ಯರು, ಸ್ವತಃ ಕ್ಷಯರೋಗಿ, 1880ರ ದಶಕದ ಮಧ್ಯದಲ್ಲಿ ಅಲ್ಲಿ ಚಿಕ್ಕ ಕೆಂಪು ಮನೆಯೊಂದರಿಂದ ಚಿಕಿತ್ಸೆ ಆರಂಭಿಸಿದರು. ಚಿಕಿತ್ಸೆ ಎಂದರೆ ತಣ್ಣನೆಯ ಗಾಳಿ, ಹೊಟ್ಟೆ ತುಂಬ ಊಟ, ಜಗಲಿಯ ಮೇಲೆ ಕಂಬಳಿ ಹೊದ್ದು ತಿಂಗಳುಗಟ್ಟಲೆ ಮಲಗುವುದು, ಇಷ್ಟೇ. ಮದ್ದು ಇರಲಿಲ್ಲ. ಊರೂರು ಸುತ್ತುವ ವಾಡೆವಿಲ್ ರಂಗದವರಿಗೆ, ಅಂದರೆ ಹಾಡು, ಕುಣಿತ, ಕಸರತ್ತು, ಹಾಸ್ಯದ ತುಣುಕುಗಳನ್ನು ಕಟ್ಟಿಕೊಂಡು ರೈಲಿನಲ್ಲಿ ಓಡಾಡುವ ಕಲಾವಿದರಿಗೆ, ಈ ರೋಗ ಅಂಟುವುದು ಸುಲಭವಿತ್ತು. ಗಾಳಿಯಾಡದ, ಬಣ್ಣ ಹಚ್ಚಿಕೊಳ್ಳುವ ಕೋಣೆ, ಹಂಚಿಕೊಂಡ ಬಾಡಿಗೆ ಕೋಣೆ, ಹೊತ್ತಿಲ್ಲದ ಊಟ. ಕೆಲಸ ನಿಂತರೆ ಕೂಲಿಯೂ ನಿಂತಂತೆ. ಅವರ ಸಂಘವಾದ ನ್ಯಾಷನಲ್ ವಾಡೆವಿಲ್ ಆರ್ಟಿಸ್ಟ್ಸ್, ಚಿಕ್ಕದಾಗಿ ಎನ್‌ವಿಎ, ಅಲ್ಲಿ ತನ್ನವರಿಗಾಗಿ ಆಸ್ಪತ್ರೆ ಕಟ್ಟಿಸಿತು. ಹಾಸ್ಯನಟ ವಿಲ್ ರೋಜರ್ಸ್ 1935ರಲ್ಲಿ ಅಲಾಸ್ಕಾದ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ, ಮರುವರ್ಷ ಅವರ ಹೆಸರನ್ನೇ ಆಸ್ಪತ್ರೆಗೆ ಇಟ್ಟರು.

ಚಿತ್ರದ ತಯಾರಿಕೆಯ ಖರ್ಚು ಹೊತ್ತದ್ದು ಚೆಸ್ಟರ್‌ಫೀಲ್ಡ್ ಸಿಗರೇಟು. ಶ್ವಾಸಕೋಶದ ರೋಗಿಗಳ ಆಸ್ಪತ್ರೆಗೆ ಸಿಗರೇಟಿನ ದುಡ್ಡು ಎಂದರೆ ಇವತ್ತು ಮೈ ಜುಂ ಎನ್ನುತ್ತದೆ. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಗಟ್ಟಿಯಾಗಿ ತೋರಿಸಿದ ಅಧ್ಯಯನಗಳು ಬಂದದ್ದು 1950ರಲ್ಲಿ, ಈ ಚಿತ್ರವಾಗಿ 19 ವರ್ಷದ ಮೇಲೆ. ನಿಮ್ಮ ಪ್ರತಿಯಲ್ಲಿ ಸಿಗರೇಟಿನ ಹೆಸರಿರುವ ಫಲಕ ಉಳಿದಿದ್ದರೆ ಕತ್ತರಿಸಬೇಡಿ. ಪ್ರದರ್ಶನಕ್ಕೆ ಮುಂಚೆ ಎರಡು ಮಾತಿನಲ್ಲಿ ವಿವರಿಸಿ, ಹಾಗೇ ತೋರಿಸಿ.

ಇನ್ನು ಹಣ ಎತ್ತುವ ಬಗೆ. ಎಷ್ಟೋ ಜನ ತಪ್ಪು ತಿಳಿಯುವುದು ಇಲ್ಲೇ. ಇಂಥ ಚಿತ್ರಗಳ ಟಿಕೆಟ್ಟಿನಿಂದ ಆಸ್ಪತ್ರೆ ನಡೆಯುತ್ತಿತ್ತು ಎಂದುಕೊಳ್ಳುತ್ತಾರೆ. ಎರಡು ರೀಲಿನ ಚಿತ್ರಕ್ಕೆ ಬೇರೆ ಟಿಕೆಟ್ಟೇ ಇರಲಿಲ್ಲ, ಮುಖ್ಯ ಚಿತ್ರದ ಮುಂಚೆ ತೋರಿಸುವ ಸಾಮಗ್ರಿ ಅದು. ನಿಜವಾಗಿ ದುಡ್ಡು ತರುತ್ತಿದ್ದದ್ದು ಸಾಲಿನಿಂದ ಸಾಲಿಗೆ ಸಾಗುವ ಡಬ್ಬಿ. ಜನರನ್ನು ನಗಿಸಿ, ಒಂದೇ ಮನಸ್ಸಿಗೆ ತಂದು, ಕೊನೆಗೆ ಒಂದು ಮನವಿ ಮಾಡಿ, ದೀಪ ಹೊತ್ತಿಸಿ, ಮುಖ್ಯ ಚಿತ್ರ ಶುರುವಾಗುವ ಮೊದಲು ಸೀಟು ತೋರಿಸುವ ಹುಡುಗರು ಡಬ್ಬಿ ಹಿಡಿದು ಬರುತ್ತಿದ್ದರು. ವಿಲ್ ರೋಜರ್ಸ್ ಆಸ್ಪತ್ರೆಗಾಗಿ ಅಮೆರಿಕದ ಚಿತ್ರಮಂದಿರಗಳಲ್ಲಿ ಈ ಪದ್ಧತಿ ದಶಕಗಳ ಕಾಲ ನಡೆಯಿತು. ಒಂದೆರಡು ನಿಮಿಷದ ಮನವಿ, ಹಿಂದೆಯೇ ಡಬ್ಬಿ. ಚಿತ್ರ ಮುಗಿದ ಮೇಲೆ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತರೆ ಅಷ್ಟು ಬೀಳುವುದಿಲ್ಲ. ಮನೆ ಸೇರುವ ಆತುರದಲ್ಲಿರುವವರ ಕೈ ಜೇಬಿಗೆ ಹೋಗುವುದಿಲ್ಲ. ಕೂತವರ ಪಕ್ಕದವರು ಹಾಕುತ್ತಿರುವುದು ಕಂಡರೆ ಹೋಗುತ್ತದೆ.

ಆದ್ದರಿಂದಲೇ ಶೀರ್ಷಿಕೆಯಲ್ಲಿ ಬಾಲದ ಮಾತು ಬಂದದ್ದು. ಚಿತ್ರದ ಹಾಸ್ಯ ಭಾಗ ಎಲ್ಲರಿಗೂ ಬೇಕು, ಆಮೇಲೆಯೂ ಬೇಕು. ಮನವಿಯ ತುಣುಕು ಆ ವಾರ, ಆ ಅಭಿಯಾನಕ್ಕೆ ಮಾತ್ರ. ಅಭಿಯಾನ ಮುಗಿದರೆ ಕತ್ತರಿಸಿ ಬಿಸಾಡುವುದು ರೂಢಿ. ಮನೆಗಳಲ್ಲಿ ತೋರಿಸಲು 16 ಎಂಎಂಗೆ ಇಳಿಸಿದಾಗಲೂ ಮೊದಲು ಬಲಿಯಾಗುವುದು ಇಂಥ ತುಣುಕೇ. ತಾರೆಯರ ಮುಖಗಳು ಎಷ್ಟೋ ಪ್ರತಿಗಳಲ್ಲಿ ಉಳಿದಿವೆ. ನಿಮ್ಮ ರೀಲಿನ ತಲೆ ಅಥವಾ ಬಾಲದಲ್ಲಿ ಆಸ್ಪತ್ರೆಯ ದೃಶ್ಯವೋ, ಕೊಡಿ ಎಂದು ಕೇಳುವ ಫಲಕವೋ ಹತ್ತಡಿ ಉಳಿದಿದ್ದರೂ ಅದು ಇಡೀ ರೀಲಿಗಿಂತ ಅಪರೂಪದ್ದು.

ಬೇರೆ ಚಿತ್ರಗಳ ಬಗ್ಗೆ ಕೇಳಿದ್ದೀರಿ. ಸಾಲು ಹಳೆಯದು. ಡೆನ್ಮಾರ್ಕಿನ ಅಂಚೆ ನೌಕರ ಐನಾರ್ ಹೋಲ್ಬೋಲ್ ಅವರ ಯೋಚನೆಯಿಂದ 1904ರಲ್ಲಿ ಕ್ರಿಸ್‌ಮಸ್ ಪತ್ರಗಳ ಮೇಲೆ ಹಚ್ಚುವ ದಾನದ ಚೀಟಿ ಬಂತು. ಅದನ್ನು ನೋಡಿ 1907ರಲ್ಲಿ ಅಮೆರಿಕದ ಡೆಲವೇರಿನಲ್ಲಿ ಎಮಿಲಿ ಬಿಸ್ಸೆಲ್ ಒಂದು ಚಿಕ್ಕ ಕ್ಷಯದ ಆಸ್ಪತ್ರೆ ಉಳಿಸಲು ಬೇಕಿದ್ದ 300 ಡಾಲರಿಗಾಗಿ ಒಂದು ಸೆಂಟಿನ ಚೀಟಿ ಮಾರಿದರು. ಬಂದದ್ದು ಸುಮಾರು 3,000 ಡಾಲರ್. ಮುಂದೆ ಈ ಚೀಟಿಗಳನ್ನು ಮಾರಿಸಲೆಂದೇ ಥಾಮಸ್ ಎಡಿಸನ್ನರ ಕಂಪನಿ ಕ್ಷಯ ನಿವಾರಣಾ ಸಂಘದ ಜೊತೆ ಸೇರಿ ವರ್ಷಕ್ಕೊಂದರಂತೆ ಕಥಾಚಿತ್ರ ಮಾಡಿತು: 1910ರ ‘ದಿ ರೆಡ್ ಕ್ರಾಸ್ ಸೀಲ್’, 1912ರ ‘ಹೋಪ್’, 1914ರ ‘ದಿ ಟೆಂಪಲ್ ಆಫ್ ಮೊಲೊಕ್’ ಅವುಗಳಲ್ಲಿ ಕೆಲವು. ‘ಹೋಪ್’ ಅನ್ನು ತಪ್ಪದೆ ನೋಡಿ. ಚಿಕ್ಕ ಊರಿನ ಬ್ಯಾಂಕಿನವರೊಬ್ಬರು ಕ್ಷಯವೆಂದರೆ ಪಟ್ಟಣದ ಕಾಯಿಲೆ, ನಮಗೇಕೆ ಎಂದು ಚೀಟಿ ಮಾರುವ ಮನವಿಯನ್ನು ಬದಿಗಿಡುತ್ತಾರೆ. ರೋಗ ಅವರ ಆಪ್ತರಲ್ಲೇ ಕಾಣಿಸಿಕೊಳ್ಳುತ್ತದೆ. ಹಳ್ಳಿಯವರ ಕೈಯಿಂದ ದುಡ್ಡು ಬಾರದಿರುವುದಕ್ಕೆ ಕಾರಣ ಏನೆಂದು ಕಂಡುಕೊಂಡು, ಆ ಕಾರಣಕ್ಕೇ ನೇರ ಉತ್ತರ ಕೊಟ್ಟ ಚಿತ್ರ. ಮನವಿ ಬರೆಯುವವರಿಗೆ ಇಂದಿಗೂ ಪಾಠ.

ಪೋಲಿಯೊ ಸಲುವಾಗಿ ನಡೆದ ‘ಮಾರ್ಚ್ ಆಫ್ ಡೈಮ್ಸ್’ ಇನ್ನೂ ದೊಡ್ಡದು. ಅಧ್ಯಕ್ಷ ರೂಸ್‌ವೆಲ್ಟ್ 1938ರಲ್ಲಿ ಪೋಲಿಯೊ ನಿಧಿ ಸಂಸ್ಥೆ ಸ್ಥಾಪಿಸಿದರು. ಹಾಸ್ಯನಟ ಎಡ್ಡಿ ಕ್ಯಾಂಟರ್ ಒಂದು ಪ್ರಸಿದ್ಧ ವಾರ್ತಾಚಿತ್ರ ಸರಣಿಯ ಹೆಸರನ್ನು ತಿರುಚಿ ಅಭಿಯಾನಕ್ಕೆ ಈ ಹೆಸರು ಕೊಟ್ಟರು. ಡೈಮ್ ಅಂದರೆ ಹತ್ತು ಸೆಂಟಿನ ನಾಣ್ಯ. ಮೊದಲ ಬಾರಿಗೇ ಶ್ವೇತಭವನಕ್ಕೆ ಅಂಚೆಯಲ್ಲಿ ಬಂದು ಬಿದ್ದದ್ದು 26,80,000 ನಾಣ್ಯ. ಸಾಲ್ಕ್ ಲಸಿಕೆ 1955ರಲ್ಲಿ ಬಂದದ್ದು ಇಂಥ ಬಿಡಿಗಾಸಿನಿಂದಲೇ. ಚಿತ್ರಮಂದಿರಗಳಲ್ಲಿ ಈ ಅಭಿಯಾನದ ಕಿರುಚಿತ್ರ ಮುಗಿದೊಡನೆ ಡಬ್ಬಿ ಬರುತ್ತಿತ್ತು, ಅದೇ ಹಳೆಯ ಕ್ರಮ. ಬ್ರಿಟನ್ನಿನಲ್ಲಿ 1948ರಲ್ಲಿ ಸರಕಾರಿ ಆರೋಗ್ಯ ಸೇವೆ ಬರುವ ತನಕ ಎಷ್ಟೋ ಆಸ್ಪತ್ರೆಗಳು ದಾನದಿಂದಲೇ ನಡೆದವು. ಅಲ್ಲಿ ಭಾನುವಾರ ಸಿನಿಮಾ ತೋರಿಸಲು ಅನುಮತಿ ಕೊಟ್ಟ 1932ರ ಕಾಯ್ದೆಯಲ್ಲಿ, ಬಂದ ಹಣದ ಒಂದು ಪಾಲು ಧರ್ಮಕಾರ್ಯಕ್ಕೆ ಕೊಡಬೇಕೆಂಬ ಷರತ್ತು ಕೂಡ ಇತ್ತು.

ಈಗ ರೀಲಿಗೆ ಬರೋಣ. ಒಂದು ಸಮಾಧಾನ: 16 ಎಂಎಂ ಪ್ರತಿಗಳು ಬೆಂಕಿಗೆ ಹೆದರಬೇಕಾದ ನೈಟ್ರೇಟ್ ಫಿಲಂ ಅಲ್ಲ, ಸುರಕ್ಷಿತ ಅಸಿಟೇಟ್ ಅಥವಾ ಪಾಲಿಯೆಸ್ಟರ್. ಆ ಡಬ್ಬಿಗಳ ನಡುವೆ ಅಗಲವಾದ 35 ಎಂಎಂ ರೀಲು, ಅದೂ 1950ರ ಸುಮಾರಿಗಿಂತ ಹಿಂದಿನದು, ಏನಾದರೂ ಸಿಕ್ಕಿದರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಬೇರೆ ತಂಪಾದ ಜಾಗದಲ್ಲಿಟ್ಟು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಬರೆಯಿರಿ. ನೈಟ್ರೇಟ್ ಹೊತ್ತಿಕೊಂಡರೆ ತನ್ನ ಆಮ್ಲಜನಕವನ್ನು ತಾನೇ ಒದಗಿಸಿಕೊಳ್ಳುತ್ತದೆ, ನೀರು ಸುರಿದರೂ ಆರುವುದಿಲ್ಲ. ಯಾವ ಫಿಲಂ ಎಂದು ತಿಳಿಯಲು ತುಂಡು ಸುಟ್ಟು ನೋಡುವ ಕೆಲಸ ಬೇಡವೇ ಬೇಡ.

ಡಬ್ಬಿಯನ್ನು ಕಿಟಕಿ ತೆರೆದ ಕೋಣೆಯಲ್ಲಿ ತೆಗೆಯಿರಿ. ಉಪ್ಪಿನಕಾಯಿಗೆ ಹಾಕುವ ವಿನೆಗರಿನ ವಾಸನೆ ಮೂಗಿಗೆ ಹೊಡೆದರೆ ಅಸಿಟೇಟ್ ಕೊಳೆಯತೊಡಗಿದೆ ಎಂದರ್ಥ. ಮೂಗು ಹೇಳುವುದು ಇದೆಯೋ ಇಲ್ಲವೋ ಎಂದು ಮಾತ್ರ. ಎಷ್ಟು ಎಂದು ತಿಳಿಯಲು ಎ-ಡಿ ಸ್ಟ್ರಿಪ್ ಎಂಬ ಕಾಗದದ ಪಟ್ಟಿ ಸಿಗುತ್ತದೆ. ಡಬ್ಬಿಯೊಳಗೆ ಒಂದು ಪಟ್ಟಿ ಇಟ್ಟು ಮುಚ್ಚಿ ಒಂದು ದಿನ ಬಿಡಿ. ನೀಲಿಯಾಗಿಯೇ ಉಳಿದರೆ ಚೆನ್ನಾಗಿದೆ (0), ನೀಲಿ ಹಸಿರು 1, ಹಸಿರು 2, ಹಳದಿ 3. 1.5ರ ಆಸುಪಾಸಿನಲ್ಲಿ ಒಂದು ತಿರುವು ಇದೆ. ಅಲ್ಲಿಂದ ಮುಂದೆ ಹೊರಬಿದ್ದ ಆಮ್ಲವೇ ಇನ್ನಷ್ಟು ಕೊಳೆತಕ್ಕೆ ಹೆಪ್ಪು ಹಾಕುತ್ತದೆ, ವೇಗ ಏರುತ್ತಲೇ ಹೋಗುತ್ತದೆ. ಪಟ್ಟಿ 1.5 ದಾಟಿದ್ದರೆ ಪ್ರದರ್ಶನದ ಯೋಚನೆ ಬಿಟ್ಟು ಮೊದಲು ಸ್ಕ್ಯಾನ್ ಮಾಡಿಸಿ. ಆ ಡಬ್ಬಿಯನ್ನು ಉಳಿದ ರೀಲುಗಳ ಜೊತೆ ಇಡಬೇಡಿ, ಆಮ್ಲದ ಆವಿ ಪಕ್ಕದ ಡಬ್ಬಿಗೂ ತಗಲುತ್ತದೆ.

ಮುಂದಿನ ಕೆಲಸ ಉದ್ದ ಅಳೆಯುವುದು. 16 ಎಂಎಂನಲ್ಲಿ ಒಂದು ಅಡಿಗೆ 40 ಚೌಕಟ್ಟು, ಅಂದರೆ ಬಿಡಿ ಚಿತ್ರ. ಮಾತಿನ ಚಿತ್ರ ಸೆಕೆಂಡಿಗೆ 24 ಚೌಕಟ್ಟಿನಂತೆ ಓಡುವುದರಿಂದ ನಿಮಿಷಕ್ಕೆ 36 ಅಡಿ. ಹಾಗಾದರೆ 20 ನಿಮಿಷಕ್ಕೆ ಸುಮಾರು 720 ಅಡಿ ಬೇಕು, ಅದು 800 ಅಡಿಯ ರೀಲಿನಲ್ಲಿ ಬರುತ್ತದೆ. ನಿಮ್ಮದು 400 ಅಡಿಯ, ಸುಮಾರು 18 ಸೆಂಟಿಮೀಟರ್ ಅಗಲದ ಚಿಕ್ಕ ರೀಲಾಗಿದ್ದರೆ ಅದರಲ್ಲಿ 11 ನಿಮಿಷ ಮಾತ್ರ ಇರಲು ಸಾಧ್ಯ. ಒಂದೋ ಇನ್ನರ್ಧ ಬೇರೆ ಡಬ್ಬಿಯಲ್ಲಿದೆ, ಇಲ್ಲವೇ ಇದು ಕತ್ತರಿಸಿದ ಪ್ರತಿ. ಉಳಿದ ಡಬ್ಬಿಗಳ ಚೀಟಿ ನಂಬದೆ ಒಂದೊಂದನ್ನೂ ಬಿಚ್ಚಿ ನೋಡಿ. ಡಬ್ಬಿ ಮತ್ತು ರೀಲು ಅದಲುಬದಲಾಗಿರುವುದು ಹಳೆಯ ಸಂಗ್ರಹಗಳಲ್ಲಿ ತೀರ ಸಾಮಾನ್ಯ.

ಬಳಿಕ ತೂತುಗಳು. ಫಿಲಂನ ಒಂದೇ ಅಂಚಿನಲ್ಲಿ ಸ್ಪ್ರಾಕೆಟ್ ತೂತಿದ್ದು, ಇನ್ನೊಂದು ಅಂಚಿನಲ್ಲಿ ಅಲೆಯಲೆಯಾದ ಅಥವಾ ಗೆರೆಗೆರೆಯಾದ ಪಟ್ಟಿ ಓಡಿದ್ದರೆ ಅದು ಧ್ವನಿಯಿರುವ ಪ್ರತಿ. ಎರಡೂ ಅಂಚಿನಲ್ಲಿ ತೂತಿದ್ದರೆ ಧ್ವನಿ ಇಲ್ಲ, ಮನೆಯಲ್ಲಿ ತೋರಿಸಲು ಮಾಡಿದ ಮೂಕಪ್ರತಿ. ಇದನ್ನು ನೋಡದೆ ಪ್ರೊಜೆಕ್ಟರಿಗೆ ಹಾಕಿದರೆ ಆಗುವ ಅನಾಹುತ ದೊಡ್ಡದು. ಹಳೆಯ ಮೂಕಿ ಪ್ರೊಜೆಕ್ಟರುಗಳ ಸ್ಪ್ರಾಕೆಟ್ ಚಕ್ರಕ್ಕೆ ಎರಡೂ ಕಡೆ ಹಲ್ಲಿರುತ್ತದೆ. ಒಂದೇ ಕಡೆ ತೂತಿರುವ ಫಿಲಂ ಅದರಲ್ಲಿ ಓಡಿದರೆ ಇನ್ನೊಂದು ಕಡೆಯ ಹಲ್ಲು ಧ್ವನಿಪಟ್ಟಿಯ ಉದ್ದಕ್ಕೂ ತೂತು ಕೊರೆಯುತ್ತಾ ಹೋಗುತ್ತದೆ. ಮತ್ತೆ ಸರಿಪಡಿಸಲು ಆಗದು. ನಿಮಗೆ ಬಂದ ಪ್ರೊಜೆಕ್ಟರಿನ ಚಕ್ರಗಳನ್ನು ಇವತ್ತೇ ನೋಡಿ.

ಈ ಪ್ರತಿ ಯಾವ ಕಾಲದ್ದು ಎಂದು ತಿಳಿಯಲು ಭೂತಗನ್ನಡಿ ಹಿಡಿದು ಅಂಚು ಓದಬೇಕು. ಕೊಡಕ್ ಫಿಲಂ ಆಗಿದ್ದರೆ ವೃತ್ತ, ಚೌಕ, ತ್ರಿಕೋನ ಮುಂತಾದ ಗುರುತುಗಳಿರುತ್ತವೆ. ಅವು ಫಿಲಂ ತಯಾರಾದ ವರ್ಷ ಹೇಳುತ್ತವೆ, ಚಿತ್ರ ತೆಗೆದ ವರ್ಷವನ್ನಲ್ಲ. ಗುರುತುಗಳು 20 ವರ್ಷಕ್ಕೊಮ್ಮೆ ಮರುಕಳಿಸುತ್ತಿದ್ದರಿಂದ ಒಂದೇ ಗುರುತು 1930, 1950, 1970 ಮೂರರಲ್ಲಿ ಯಾವುದೂ ಆಗಬಹುದು. ಇನ್ನೊಂದು ಮೋಸವಿದೆ. ಪಾರದರ್ಶಕ ಅಂಚಿನ ಮೇಲೆ ಕಪ್ಪಾಗಿ ಕಾಣುವ ಅಕ್ಷರ ಮಾತ್ರ ಈ ಫಿಲಂನದ್ದು. ಕಪ್ಪು ಅಂಚಿನ ಮೇಲೆ ಬೆಳ್ಳಗೆ ಕಾಣುವುದು ಇದರ ನೆಗೆಟಿವಿನಿಂದ ಅಚ್ಚಾಗಿ ಬಂದದ್ದು. ಎರಡನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳಿ. ಈ ಚಿತ್ರ ಹಲವು ದಶಕ ಕಳೆದೇಹೋಗಿತ್ತೆಂದು ಭಾವಿಸಲಾಗಿತ್ತು, 1970ರ ದಶಕದಲ್ಲಿ ಮತ್ತೆ ಬೆಳಕಿಗೆ ಬಂದದ್ದು ಬ್ರಿಟಿಷ್ ಹೆಸರಿನ ಪ್ರತಿಯಿಂದ. ಆದ್ದರಿಂದ ‘ಸ್ಲಿಪರಿ ಪರ್ಲ್ಸ್’ ಎಂಬ ಹೆಸರು ಹೊತ್ತ ರೀಲು 1970ರ ನಂತರ ಸಂಗ್ರಾಹಕರಿಗಾಗಿ ಅಚ್ಚು ಹಾಕಿದ್ದಾಗಿರುವ ಸಾಧ್ಯತೆ ಹೆಚ್ಚು. ಅಂಚು 1930 ಅಥವಾ 1950ರ ದಶಕ ಎಂದು ಖಚಿತವಾಗಿ ಹೇಳಿದರೆ ಮಾತ್ರ ನಿಮ್ಮ ಕೈಯಲ್ಲಿರುವುದಕ್ಕೆ ಬೇರೆಯೇ ತೂಕ. ರೀಲನ್ನು ಬದಿಯಿಂದ ಬೆಳಕಿಗೆ ಹಿಡಿದಾಗ ಸುರುಳಿಯ ಮೂಲಕ ಬೆಳಕು ಹಾದುಬಂದರೆ ಪಾಲಿಯೆಸ್ಟರ್, ಅಂದರೆ ಇತ್ತೀಚಿನದು. ಕಪ್ಪಗೆ ತಡೆದರೆ ಅಸಿಟೇಟ್.

ಕುಗ್ಗುವಿಕೆ ಕೊನೆಯ ಪರೀಕ್ಷೆ, ಪ್ರೊಜೆಕ್ಟರಿಗೆ ಹಾಕಬಹುದೇ ಎಂಬುದಕ್ಕೆ ತೀರ್ಪೂ ಅದೇ. ಹೊಸ ಪ್ರತಿಯಲ್ಲಿ ಒಂದು ತೂತಿನಿಂದ ಮುಂದಿನ ತೂತಿಗೆ 7.62 ಮಿಲಿಮೀಟರ್, ಅಂದರೆ 100 ತೂತಿಗೆ 762 ಮಿಲಿಮೀಟರ್. ಬೆಳಕಿನ ಮೇಜಿನ ಮೇಲೆ ಉಕ್ಕಿನ ಅಳತೆಪಟ್ಟಿ ಇಟ್ಟು, ಫಿಲಂ ಎಳೆಯದೆ ಚಪ್ಪಟೆಯಾಗಿ ಹಾಸಿ, ಒಂದು ತೂತಿನ ಮೇಲಂಚಿನಿಂದ ನೂರೊಂದನೆಯ ತೂತಿನ ಮೇಲಂಚಿನವರೆಗೆ ಅಳೆಯಿರಿ. ತಲೆ, ನಡು, ಬಾಲ, ಮೂರು ಕಡೆ ಅಳೆಯಬೇಕು. ಹೊರಸುತ್ತು ಒಳಸುತ್ತಿನಷ್ಟೇ ಕುಗ್ಗಿರುತ್ತದೆ ಎನ್ನುವಂತಿಲ್ಲ. 760.5 ಬಂದರೆ ಗಾಬರಿ ಬೇಡ, ಕೆಲವು ಫಿಲಂಗಳ ತೂತಿನ ಅಂತರ ಹುಟ್ಟಿನಿಂದಲೇ ಅಷ್ಟು. 756ಕ್ಕಿಂತ ಕೆಳಗಿಳಿದರೆ ಕುಗ್ಗುವಿಕೆ 0.8 ಶೇಕಡ ದಾಟಿದೆ, ಪ್ರೊಜೆಕ್ಟರಿನಲ್ಲಿ ಫಿಲಂ ಎಳೆಯುವ ಉಗುರು ತೂತಿಗೆ ಸರಿಯಾಗಿ ಕೂರದೆ ಅಂಚನ್ನು ಹರಿಯುತ್ತದೆ. 754.4 ಅಂದರೆ ಪೂರ್ತಿ ಒಂದು ಶೇಕಡ. ಅಂಥದ್ದನ್ನು ಹಲ್ಲಿನ ಚಕ್ರವಿಲ್ಲದ, ರೋಲರಿನಿಂದ ಎಳೆಯುವ ಸ್ಕ್ಯಾನರಿನಲ್ಲಿ ಮಾತ್ರ ಓಡಿಸಬೇಕು.

ಇದೆಲ್ಲ ನಡೆಯುವಾಗ ಕೈಯಿಂದ ತಿರುಗಿಸುವ ರಿವೈಂಡರ್ ಒಂದು ಜೊತೆ, ನೂಲು ಬಿಡದ ಹತ್ತಿಯ ಕೈಗವಸು, ಬಿಳಿ ಬೆಳಕಿನ ಪೆಟ್ಟಿಗೆ ಇದ್ದರೆ ಸಾಕು. ಫಿಲಂನ ಅಂಚು ಮಾತ್ರ ಹಿಡಿಯಿರಿ. ಹಳೆಯ ಜಾಯಿಂಟುಗಳ ಮೇಲೆ ಬೆರಳಾಡಿಸಿ ನೋಡಿ. ಫಿಲಂ ಸಿಮೆಂಟಿನಿಂದ ಮಾಡಿದ ಅಂಟು ವರ್ಷಗಳಲ್ಲಿ ಒಣಗಿ ಬಿಟ್ಟುಕೊಳ್ಳುತ್ತದೆ, ಓಡುವಾಗ ಬಿಟ್ಟರೆ ದೀಪದ ಮುಂದೆಯೇ ತುಂಡಾಗುತ್ತದೆ. ಬಿಟ್ಟಲ್ಲಿ ತೂತಿರುವ ಫಿಲಂ ಟೇಪಿನಿಂದ ಎರಡೂ ಕಡೆ ಹಚ್ಚಿ. ಸ್ಟೇಷನರಿ ಅಂಗಡಿಯ ಸೆಲೋಟೇಪು ಬೇಡ, ಅದರ ಅಂಟು ಬೇಸಿಗೆಯಲ್ಲಿ ಹರಿದು ಅಕ್ಕಪಕ್ಕದ ಸುತ್ತುಗಳನ್ನು ಹಿಡಿದುಬಿಡುತ್ತದೆ. ಬೂಸ್ಟು ಕಂಡರೆ ಒದ್ದೆ ಬಟ್ಟೆ ಹಿಡಿಯಬೇಡಿ. ಚಿತ್ರ ಕೂತಿರುವುದು ಜೆಲಟಿನ್ ಪದರದಲ್ಲಿ, ಬೂಸ್ಟು ತಿಂದ ಜೆಲಟಿನ್ ನೀರು ತಾಗಿದರೆ ಕರಗಿ ಬರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೂರಲೇಬೇಡಿ, ಒಣ ಹವೆಗೆ ಕಾಯಿರಿ.

ಎಲ್ಲ ಪರೀಕ್ಷೆಯೂ ಪಾಸಾಯಿತು ಎಂದುಕೊಳ್ಳಿ. ಆದರೂ ಸ್ಕ್ಯಾನ್ ಮೊದಲು, ಪ್ರದರ್ಶನ ಆಮೇಲೆ. ಸ್ಕ್ಯಾನ್ ಮಾಡುವವರಿಗೆ ಮೂರು ಮಾತು ಬರವಣಿಗೆಯಲ್ಲಿ ಕೊಡಿ: ತೂತುಗಳೂ ಧ್ವನಿಪಟ್ಟಿಯೂ ಕಾಣುವಂತೆ ಪೂರ್ತಿ ಅಗಲ ತೆಗೆಯಬೇಕು, ಲೀಡರಿನ (ರೀಲಿನ ತುದಿಯ ಖಾಲಿ ಫಿಲಂ) ಮೊದಲ ಚೌಕಟ್ಟಿನಿಂದ ಕೊನೆಯದರ ತನಕ ಏನನ್ನೂ ಬಿಡಬಾರದು, ಸ್ವಚ್ಛಗೊಳಿಸಿದ ಪ್ರತಿಯ ಜೊತೆ ಮುಟ್ಟದ ಮೂಲ ಕಡತವನ್ನೂ ಕೊಡಬೇಕು. ಎರಡನೆಯದಕ್ಕೆ ಪಟ್ಟು ಹಿಡಿಯಿರಿ, ಖಾಲಿ ಫಿಲಂ ಎಂದು ಅವರು ಬಿಟ್ಟುಬಿಡುವ ತುದಿಯಲ್ಲೇ ಮನವಿಯ ಫಲಕ ಇರುವುದು. 720 ಅಡಿಗೆ 28,800 ಚೌಕಟ್ಟು. 2ಕೆ ಗಾತ್ರದಲ್ಲಿ (ಸುಮಾರು ಎರಡು ಸಾವಿರ ಬಿಂದುಗಳ ಅಗಲ) ಒಂದೊಂದು ಚೌಕಟ್ಟನ್ನೂ ಬೇರೆ ಬೇರೆ ಡಿಪಿಎಕ್ಸ್ ಎಂಬ ಬಗೆಯ ಚಿತ್ರಕಡತವಾಗಿ ತೆಗೆದರೆ ತಲಾ 12 ಎಂಬಿಗೂ ಹೆಚ್ಚು, ಒಟ್ಟು ಸುಮಾರು 360 ಜಿಬಿ. ಒಂದು ಟೆರಾಬೈಟಿನ ಎರಡು ಹಾರ್ಡ್ ಡಿಸ್ಕ್ ತೆಗೆದುಕೊಂಡು ಎರಡು ಬೇರೆ ಮನೆಗಳಲ್ಲಿ ಇಡಿ.

ನಿಜವಾದ ಪ್ರೊಜೆಕ್ಟರಿನ ಸದ್ದಿನ ಜೊತೆ ನೋಡುವ ಆಸೆ ಇದ್ದೇ ಇರುತ್ತದೆ, ಅದು ಸಹಜ. ಹಾಗಾದರೆ ಬೇಡವಾದ ಹಳೆಯ ಫಿಲಂನ 50 ಅಡಿಯಲ್ಲಿ ಹತ್ತು ಸಲ ಅಭ್ಯಾಸ ಮಾಡಿ. ರಬ್ಬರ್ ಬೆಲ್ಟ್ ಹಳೆಯದಾಗಿದ್ದರೆ ಅಂಟಂಟಾಗಿ ಕರಗಿರುತ್ತದೆ, ಬದಲಾಯಿಸಿ. ಗೇಟಿನಲ್ಲಿ, ಅಂದರೆ ಫಿಲಂ ದೀಪದ ಮುಂದೆ ಹಾಯುವ ಕಿಂಡಿಯಲ್ಲಿ, ಕೂತ ಎಮಲ್ಷನ್ (ಜೆಲಟಿನ್ ಪದರದ) ಪುಡಿಯನ್ನು ಮರದ ಕಡ್ಡಿಯಿಂದ ಕೆರೆಯಿರಿ, ಬ್ಲೇಡು ಅಥವಾ ಸ್ಕ್ರೂಡ್ರೈವರ್ ತಾಗಿಸಿದರೆ ಆ ಗೀರು ಮುಂದೆ ಓಡುವ ಪ್ರತಿ ಫಿಲಂನ ಮೇಲೂ ಗೆರೆ ಎಳೆಯುತ್ತದೆ. 16 ಎಂಎಂನಲ್ಲಿ ಧ್ವನಿ ಚಿತ್ರಕ್ಕಿಂತ 26 ಚೌಕಟ್ಟು ಮುಂದಿರುತ್ತದೆ. ಗೇಟಿನ ಕೆಳಗೆ ಫಿಲಂ ಸಡಿಲವಾಗಿ ಬಾಗಿರುವ ಲೂಪ್ ಚಿಕ್ಕದೋ ದೊಡ್ಡದೋ ಆದರೆ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಓಡುತ್ತಿರುವಾಗ ಚಿತ್ರ ಕುಣಿಯತೊಡಗಿದರೆ ಲೂಪ್ ಕಳೆದುಹೋಗಿದೆ ಎಂದರ್ಥ. ತಕ್ಷಣ ನಿಲ್ಲಿಸಿ, ಹತ್ತು ಸೆಕೆಂಡು ತಡೆದರೆ ನೂರಾರು ತೂತು ಹರಿಯುತ್ತವೆ.

ಹಕ್ಕಿನ ವಿಷಯ ಚಿಕ್ಕದು. ನಮ್ಮ ಕಾಯ್ದೆಯಲ್ಲಿ ಸಿನಿಮಾದ ಕೃತಿಸ್ವಾಮ್ಯ ಪ್ರಕಟಣೆಯ ಮರುವರ್ಷದಿಂದ 60 ವರ್ಷ, 1931ರ ಚಿತ್ರಕ್ಕೆ ಅದು ಎಂದೋ ಮುಗಿದಿದೆ. ಆದರೆ ಯಾರೋ ಹೊಸದಾಗಿ ಸಂಗೀತ ಸೇರಿಸಿ ಮಾರುತ್ತಿರುವ ಆವೃತ್ತಿಯನ್ನು ಇಳಿಸಿಕೊಂಡು ತೋರಿಸಬೇಡಿ, ನಿಮ್ಮ ರೀಲಿನ ಸ್ಕ್ಯಾನ್ ನಿಮಗಿದೆ.

ಇನ್ನು ನಿಮ್ಮ ತಾಲ್ಲೂಕಿನ ರೋಗಿಗಳು. ಸ್ಯಾನಟೋರಿಯಂ ಕಾಲ ಮುಗಿದದ್ದರಲ್ಲಿ ನಮ್ಮ ದೇಶದ ಪಾಲು ದೊಡ್ಡದು. ಮದರಾಸಿನ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರ 1959ರಲ್ಲಿ ಪ್ರಕಟಿಸಿದ ಅಧ್ಯಯನ, ಮದ್ದು ಸರಿಯಾಗಿ ತೆಗೆದುಕೊಂಡರೆ ಇಕ್ಕಟ್ಟಾದ ಮನೆಯಲ್ಲಿದ್ದ ಬಡರೋಗಿಯೂ ಸ್ಯಾನಟೋರಿಯಂನಲ್ಲಿದ್ದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆ ಎಂದು ತೋರಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಸರನಾಕ್ ಲೇಕಿನ ಆಸ್ಪತ್ರೆ 1975ರಲ್ಲಿ ಬಾಗಿಲು ಹಾಕಿತು. ಹಾಗಾಗಿ ಇಂದು ಎತ್ತಿದ ಹಣ ಕಟ್ಟಡಕ್ಕೆ ಬೇಕಾಗಿಲ್ಲ, ಮದ್ದು ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಕೊರತೆ ಇರುವುದು ಊಟಕ್ಕೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ವೈದ್ಯರ ಮುಂದಾಳತ್ವದಲ್ಲಿ ಜಾರ್ಖಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗಿಯ ಮನೆಯವರಿಗೆ ತಿಂಗಳು ತಿಂಗಳು ಆಹಾರಧಾನ್ಯ ಕೊಟ್ಟಾಗ ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಸುಮಾರು 39 ಶೇಕಡ ತಗ್ಗಿತು. ಟ್ರೂಡೊ ಅವರ ಚಿಕಿತ್ಸೆಯಲ್ಲಿ ಹೊಟ್ಟೆ ತುಂಬ ಊಟ ಎಂಬ ಭಾಗ ಇಂದಿಗೂ ಸುಳ್ಳಾಗಿಲ್ಲ.

ಕೇಂದ್ರ ಸರಕಾರದ ನಿಕ್ಷಯ್ ಮಿತ್ರ ಯೋಜನೆಯಲ್ಲಿ ನಿಮ್ಮ ಚಿತ್ರಸಮಾಜವೇ ಹೆಸರು ನೋಂದಾಯಿಸಿ ರೋಗಿಗಳ ಆಹಾರದ ಹೊಣೆ ಹೊರಬಹುದು. ದೊಡ್ಡವರೊಬ್ಬರಿಗೆ ತಿಂಗಳಿಗೆ ಸೂಚಿಸಿರುವುದು 3 ಕೆಜಿ ಧಾನ್ಯ, ಒಂದೂವರೆ ಕೆಜಿ ಬೇಳೆಕಾಳು, 250 ಗ್ರಾಂ ಎಣ್ಣೆ, ಜೊತೆಗೆ 1 ಕೆಜಿ ಹಾಲಿನ ಪುಡಿ ಅಥವಾ 1 ಕೆಜಿ ಕಡಲೆಕಾಯಿ. ನಿಮ್ಮೂರಿನ ಕಿರಾಣಿ ಅಂಗಡಿಯಲ್ಲಿ ಈ ಪಟ್ಟಿಯ ಬೆಲೆ ಕೇಳಿ, ಆರು ತಿಂಗಳಿಗೆ ಗುಣಿಸಿ, ಒಬ್ಬ ರೋಗಿಗೆ ಇಷ್ಟು ಎಂಬ ಒಂದೇ ಅಂಕಿಯನ್ನು ತೆರೆಯ ಮೇಲೆ ಹಾಕಿ. ದೊಡ್ಡ ಮೊತ್ತಕ್ಕಿಂತ ಅಂಥ ಅಂಕಿಗೆ ಜನ ಸ್ಪಂದಿಸುತ್ತಾರೆ. ಎಮಿಲಿ ಬಿಸ್ಸೆಲ್ ಕೇಳಿದ್ದೂ ಒಂದೇ ಸೆಂಟು.

ಒಂದು ವಿಷಯದಲ್ಲಿ ಮಾತ್ರ ಹಳಬರನ್ನು ಅನುಸರಿಸಬೇಡಿ. ಪೋಲಿಯೊ ಅಭಿಯಾನ 1946ರಿಂದ ರೋಗಪೀಡಿತ ಮಗುವಿನ ಚಿತ್ರವನ್ನು ಭಿತ್ತಿಪತ್ರದ ಮೇಲೆ ಹಾಕತೊಡಗಿತು. ನಮ್ಮಲ್ಲಿ ಟಿಬಿ ಇದೆ ಎಂದು ಗೊತ್ತಾದರೆ ಮದುವೆ ಮುರಿಯುತ್ತದೆ, ಬಾಡಿಗೆ ಮನೆ ಕೈತಪ್ಪುತ್ತದೆ. ಯಾವ ರೋಗಿಯನ್ನೂ ವೇದಿಕೆಗೆ ಕರೆಯಬೇಡಿ, ಹೆಸರು ಹೇಳಬೇಡಿ, ದಿನಸಿ ಚೀಲ ಕೊಡುವ ಫೋಟೊ ತೆಗೆಯಬೇಡಿ. ತಾಲ್ಲೂಕು ಆಸ್ಪತ್ರೆಯ ಟಿಬಿ ವಿಭಾಗದವರ ಮೂಲಕವೇ ತಲುಪಿಸಿ.

ಕಾರ್ಯಕ್ರಮದ ಕ್ರಮ ಹೀಗಿರಲಿ: ಮೊದಲು ಈ 20 ನಿಮಿಷದ ಚಿತ್ರ, ಅದರ ಬಾಲಕ್ಕೆ ನೀವೇ ಕನ್ನಡದಲ್ಲಿ ಮಾಡಿದ ಒಂದು ನಿಮಿಷದ ಮನವಿ, ಬಳಿಕ ದೀಪ, ನಾಲ್ಕೈದು ಸಾಲಿಗೊಂದು ಮುದ್ರೆ ಹಾಕಿದ ಡಬ್ಬಿ, ಪ್ರತಿ ಡಬ್ಬಿಗೂ ಸಂಖ್ಯೆ. ಡಬ್ಬಿಗಳು ತಿರುಗುವಾಗ ಮಾತಾಡಬೇಡಿ, ಹಾಡು ಹಾಕಬೇಡಿ. ಡಬ್ಬಿಗಳು ಹಿಂದಿರುಗಿದ ಮೇಲೆ ಮುಖ್ಯ ಚಿತ್ರ. ಅದು ಓಡುತ್ತಿರುವಾಗ ಇಬ್ಬರು ಕೂತು ಎಣಿಸಿ ಸಹಿ ಹಾಕಿ, ಮುಗಿಯುವ ಹೊತ್ತಿಗೆ ಮೊತ್ತ ತೆರೆಯ ಮೇಲೆ ಬರಲಿ. ನೀವು ಮಾಡಿದ ಮನವಿಯ ಕಡತವನ್ನು, ತೋರಿಸಿದ ದಿನಾಂಕದ ಸಮೇತ, ರೀಲಿನ ಸ್ಕ್ಯಾನ್ ಇರುವ ಡಿಸ್ಕಿನಲ್ಲೇ ಸೇರಿಸಿಡಿ. ಮೂಲ ರೀಲನ್ನು ತುಕ್ಕು ಹಿಡಿದ ತಗಡಿನಿಂದ ತೆಗೆದು, ಗಾಳಿಗಿಂಡಿಯಿರುವ ಪಾಲಿಪ್ರೊಪಿಲೀನ್ ಡಬ್ಬಿಗೆ ಹಾಕಿ, ಅಡ್ಡಡ್ಡ ಮಲಗಿಸಿ, ಮನೆಯಲ್ಲಿ ಅತ್ಯಂತ ತಂಪಾದ ಒಣ ಕೋಣೆಯಲ್ಲಿಡಿ. ಬಾಲದಲ್ಲಿ ಮನವಿಯ ಫಲಕ ಸಿಕ್ಕಿದರೆ ಅದರ ಚಿತ್ರ ಮತ್ತು ಅಂಚಿನ ಗುರುತುಗಳನ್ನು ಬರೆದು ಪುಣೆಯ ಸಂಗ್ರಹಾಲಯಕ್ಕೂ ಮುಂಬೈಯ ಫಿಲಂ ಹೆರಿಟೇಜ್ ಫೌಂಡೇಷನ್ನಿಗೂ ಕಳಿಸಿ.